ಅರ್ಧ ಇಂಚು ಮಾಸ್ತರ ಎಡಗಾಲು

ಕಾರು ಕೊಳ್ಳಲು ಹೋದ ದಿನ ಅರ್ಧ ಇಂಚು ಮಾಸ್ತರು ಬಾನೆಟ್ ಎತ್ತಿಸಲಿಲ್ಲ, ಮೈಲೇಜ್ ಎಷ್ಟು ಅಂತ ಕೇಳಲಿಲ್ಲ. ಹಿಂದಿನ ಬಾಗಿಲು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಸೀಟಿಗೆ ಮೂಗು ತಾಗುವಷ್ಟು ಬಗ್ಗಿ, ಜೇಬಿನಿಂದ ಟೇಪು ತೆಗೆದು ಹೊಲಿಗೆ ಎಣಿಸಿದರು. "ಇಂಚಿಗೆ ಎಂಟು. ದಾರ ಎಲ್ಲೂ ಸಡಿಲ ಇಲ್ಲ. ಇದನ್ನ ಹೊಲಿದವನಿಗೆ ಕೆಲಸ ಗೊತ್ತು. ಇದೇ ಇರ್ಲಿ," ಅಂದುಬಿಟ್ಟರು. ಗೇರ್‌ಬಾಕ್ಸಿನ ಗುಣಗಾನವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾರಾಟದವನು ಅಷ್ಟನ್ನೂ ನುಂಗಿಕೊಂಡು ರಸೀದಿ ಪುಸ್ತಕ ತರಲು ಹೋದ.

ಮಾಸ್ತರು ಟೇಲರು. ಯಾರೇ ಅಳತೆ ಕೊಡಲು ಬರಲಿ, ಎದೆ ಸುತ್ತಲೂ ಟೇಪು ಹಿಡಿದು "ಅರ್ಧ ಇಂಚು ಬಿಟ್ಟಿರ್ತೀನಿ, ನಾಳೆ ದಪ್ಪ ಆಗ್ತೀರಿ" ಅನ್ನುವುದು ಅವರ ಅಭ್ಯಾಸ. ಬಂದವರು ಕಡ್ಡಿಯ ಹಾಗಿದ್ದರೂ ಅದೇ ಮಾತು. ಹೀಗಾಗಿ ಆ ಹೆಸರು ಅಂಟಿಕೊಂಡಿತು. ಅಂಗಡಿ ಅಂದರೆ ಒಂದು ಮೇಜು, ಒಂದು ನಿಲುವುಗನ್ನಡಿ, ಪರದೆ ಎಳೆದರೆ ಟ್ರಯಲ್ ರೂಮು, ಮತ್ತೆ ಮೂವತ್ತು ವರ್ಷದಿಂದ ಕಾಲಲ್ಲೇ ತುಳಿಯುವ ಒಂದು ಹೊಲಿಗೆ ಮೆಷಿನ್. ಪಕ್ಕದ ಅಂಗಡಿಯವರೆಲ್ಲ ಮೋಟರ್ ಹಾಕಿಸಿಕೊಂಡು ಯಾವ ಕಾಲವಾಯಿತೋ. ಮಾಸ್ತರು ಮಾತ್ರ "ಮೋಟರಿಗೆ ಬಟ್ಟೆ ಮೇಲೆ ಕನಿಕರ ಇಲ್ಲ ಕಣ್ರೀ" ಅಂತ ತುಳಿಯುತ್ತಲೇ ಇದ್ದರು.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ಮಾಸ್ತರು ಕೋಪ ಬಂದಾಗ ಮೆಷಿನ್ ಮುಟ್ಟುವವರಲ್ಲ. ಮನಸ್ಸು ಕೆಟ್ಟಿದ್ದರೆ ಕಾಲರು ಸೊಟ್ಟಗಾಗುತ್ತದೆ ಅನ್ನುವುದು ಅವರ ಸಿದ್ಧಾಂತ. ಗಿರಾಕಿ ಜೊತೆ ಜಗಳವಾದರೆ ಎದ್ದುಹೋಗಿ ಮೂಲೆ ಅಂಗಡಿಯಲ್ಲಿ ಟೀ ಕುಡಿದು, ಪೇಪರಿನ ಹಾಸ್ಯಚಿತ್ರ ನೋಡಿ, ಮುಖ ಸಡಿಲವಾದ ಮೇಲೆ ಬಂದು ಕೂರುತ್ತಿದ್ದರು. ಅಂದರೆ ಅವರ ಕಾಲು ಆಡಿದ್ದೆಲ್ಲ ಖುಷಿಯಲ್ಲೇ. ಮೂವತ್ತು ವರ್ಷ ಹೀಗೆ ನಡೆದರೆ ಕಾಲಿಗೆ ಏನಾಗುತ್ತದೆ ಅಂತ ಯಾರು ತಾನೇ ಯೋಚಿಸುತ್ತಾರೆ?

ಮಾಸ್ತರ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ವಾರ್ಡಿನವರೆಲ್ಲ ಸಿಸ್ಟರಮ್ಮ ಅನ್ನುತ್ತಿದ್ದುದರಿಂದ ಬೀದಿಯವರೂ ಹಾಗೇ ಅನ್ನುತ್ತಿದ್ದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಅವರಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ ಪಾಳಿ. ಇವರಿಗೆ ದಿನಪೂರ್ತಿ ಅಂಗಡಿ. ಗಂಡ ಹೆಂಡತಿಯ ಸಂಸಾರವೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯ ಮೇಲೆ ನಡೆದಿತ್ತು. "ಹಾಲು ಒಡೆದಿದೆ." "ಮಗಳು ಫೋನ್ ಮಾಡಿದ್ಲು, ಚೆನ್ನಾಗಿದಾಳಂತೆ." "ನಿಮ್ಮ ಕೆಮ್ಮಿನ ಔಷಧಿ ಮೇಲಿನ ಶೆಲ್ಫಲ್ಲಿದೆ, ಪಾಲಿಶ್ ಬಾಟಲಿ ಪಕ್ಕ, ನೋಡ್ಕೊಂಡು ಕುಡೀರಿ." ಮಗಳು ಮದುವೆಯಾಗಿ ಹೋದಳು. ಸಿಸ್ಟರಮ್ಮನಿಗೆ ಕೊನೆಗೂ ಕಾಯಂ ಹಗಲು ಪಾಳಿ ಸಿಕ್ಕಿತು. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಮಾಸ್ತರು ಒಂದು ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ಕಡೆ ನೋಡುತ್ತಾ, "ಕಾರು ತಗೊಳ್ಳೋಣ. ದಿನಾ ನಾನೇ ಬಿಟ್ಟು ಬರ್ತೀನಿ" ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಿವಿ ಕೆಂಪಗಾಗಿತ್ತು.

ಆಸ್ಪತ್ರೆಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷ ಏನು ಮಜಾ ಅಂತೀರಿ! ಸಿಸ್ಟರಮ್ಮ ಮಾತಿನ ಮಲ್ಲಿ ಅನ್ನುವುದು ಮಾಸ್ತರಿಗೆ ಐವತ್ತೇಳನೇ ವಯಸ್ಸಿನಲ್ಲಿ ಗೊತ್ತಾಯಿತು. ಹಲ್ಲು ಸೆಟ್ಟನ್ನು ಚಪ್ಪಲಿಯಲ್ಲಿ ಬಚ್ಚಿಟ್ಟು ಮರೆತು, ಕಾಲಿಟ್ಟು, "ಏನೋ ಕಚ್ತು" ಅಂತ ವಾರ್ಡೆಲ್ಲ ಎಬ್ಬಿಸಿದ ಅಜ್ಜ. ಕನ್ನಡಕ ತಲೆ ಮೇಲಿಟ್ಟುಕೊಂಡೇ ಅದಕ್ಕಾಗಿ ಮೂರು ಮಹಡಿ ಹುಡುಕಿದ ದೊಡ್ಡ ಡಾಕ್ಟರು. ಪಕ್ಕದ ಹಾಸಿಗೆಯವನಿಗೆ ತಾನೇ ಗುಳಿಗೆ ಬರೆದುಕೊಟ್ಟ ರೋಗಿ. ಮಾಸ್ತರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾ, ಸ್ಟಿಯರಿಂಗ್ ತಟ್ಟುತ್ತಾ, "ಸಾಕು ಕಣೇ, ಸಾಕು, ಸಿಗ್ನಲ್ ಕಾಣ್ತಿಲ್ಲ" ಅನ್ನುತ್ತಿದ್ದರು. ಸ್ಟಿಯರಿಂಗಿಗೆ ಅವರೇ ಒಂದು ಕವರು ಹೊಲಿದಿದ್ದರು. ಗೇರಿನ ಕಡ್ಡಿಗೂ ಎಲಾಸ್ಟಿಕ್ ಕೊಟ್ಟು ಒಂದು ಪುಟ್ಟ ಲಂಗ ಹೊಲಿದಿದ್ದರು. ಅದಕ್ಕೂ ಅರ್ಧ ಇಂಚು ಬಿಟ್ಟಿದ್ದರು.

ಐದನೇ ತಿಂಗಳಿಗೆ ಕಾರು ಕೈಕೊಟ್ಟಿತು. ಮೂರನೇ ಗೇರಿಗೆ ಹಾಕಿದರೆ ಕರಕರ ಸದ್ದು. ಏರು ಹತ್ತುವಾಗ ಎಂಜಿನ್ ಊರು ಕೇಳುವ ಹಾಗೆ ಕೂಗುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಒಳಗೆಲ್ಲ ಸುಟ್ಟ ವಾಸನೆ. ಸಿಸ್ಟರಮ್ಮ ಮೂಗು ಮುಚ್ಚಿಕೊಂಡು, "ರೀ, ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿ ಬಂದಿದೀರಾ?" ಅಂತ ಕೇಳಿದರು. ಮಾಸ್ತರು ಗಾಬರಿಯಾಗಿ ಅಂಗಡಿಗೆ ಓಡಿ ನೋಡಿದರೆ ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತ್ತು. ಸುಟ್ಟಿದ್ದು ಕ್ಲಚ್ ಪ್ಲೇಟು. ಸರ್ವಿಸ್ ಸೆಂಟರಿನವರು ಹೊಸದು ಹಾಕಿ ಕಳಿಸಿದರು. ಏಳನೇ ತಿಂಗಳಿಗೆ ಅದೂ ಸುಟ್ಟಿತು.

ಈ ಸಲ ಸರ್ವಿಸ್ ಸೆಂಟರಿನ ಹಿರಿಯ ಮೆಕ್ಯಾನಿಕ್ ಬಂದ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುವವನು. ಮಾತು ಕಮ್ಮಿ. ಸುಟ್ಟ ಪ್ಲೇಟನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ಮಾಸ್ತರೇ, ಗಾಡಿ ಓಡಿಸೋವಾಗ ಕಾಲು ಕ್ಲಚ್ ಮೇಲೇ ಇಟ್ಟಿರ್ತೀರಾ? ಹಾಗಿಟ್ರೆ ಹೀಗೆ ಸುಡುತ್ತೆ." ಅಂದ.

ಮಾಸ್ತರ ಪಿತ್ತ ನೆತ್ತಿಗೇರಿತು. "ಏನ್ ಸ್ವಾಮಿ, ನನ್ನ ಕಾಲಿಗೆ ಹೆಸರಿಡ್ತೀರಾ? ಮೂವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ಹೋದ ಒಂದು ಷರ್ಟು ವಾಪಸ್ ಬಂದಿಲ್ಲ. ನಿಮ್ಮ ಗಾಡಿ ಏಳು ತಿಂಗಳಲ್ಲಿ ಎರಡು ಸಲ ಬಂತು. ತಪ್ಪು ಯಾರದ್ದು, ನೀವೇ ಹೇಳಿ!"

ಜೊತೆಗೆ ಬಂದಿದ್ದ ಭಾವಮೈದ, ಅಂದರೆ ಸಿಸ್ಟರಮ್ಮನ ತಮ್ಮ, ಇದಕ್ಕೇ ಕಾಯುತ್ತಿದ್ದ. ಅವನಿಗೆ ಯಾವ ವಿಷಯ ಗೊತ್ತಿಲ್ಲ ಅಂತ ಅವನಿಗೇ ಗೊತ್ತಿಲ್ಲ. "ಭಾವ, ಸುಮ್ನಿರಿ, ನಾನು ಮಾತಾಡ್ತೀನಿ. ಇದು ಹುಟ್ಟು ದೋಷ. ಗೇರ್‌ಬಾಕ್ಸೇ ಬೇರೆ ಗಾಡಿದು. ನಾಳೆಯಿಂದ ನಾನು ಗೇಟಿನ ಮುಂದೆ ಬೋರ್ಡ್ ಹಿಡ್ಕೊಂಡು ಕೂರ್ತೀನಿ," ಅಂದ. ಬೋರ್ಡಿಗೆ ಬಟ್ಟೆ ಎಷ್ಟು ಬೇಕು ಅಂತಲೂ ಅಲ್ಲೇ ಲೆಕ್ಕ ಹಾಕಿದ.

ಮೆಕ್ಯಾನಿಕ್ ಸುಟ್ಟ ಪ್ಲೇಟನ್ನು ಬದಿಗಿಟ್ಟ. ಮೂರನೇ ಪ್ಲೇಟು ಹಾಕಿ, ಮಾಸ್ತರನ್ನೇ ಸ್ಟಿಯರಿಂಗ್ ಹಿಡಿಯಲು ಹೇಳಿ, ಪಕ್ಕದಲ್ಲಿ ಕೂತು ಒಂದು ಸುತ್ತು ಹೊರಟ. ಮಾಸ್ತರು ಹಲ್ಲು ಕಚ್ಚಿಕೊಂಡು ಓಡಿಸಿದರು. ಎಡಗಾಲು ಕ್ಲಚ್ಚಿನ ಪಕ್ಕ, ನೆಲದ ಮೇಲೆ, ಅಂಟು ಹಾಕಿದ ಹಾಗೆ ಕೂತಿತ್ತು. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಎರಡನೇ ಸುತ್ತಿಗೆ ಭಾವಮೈದ ಹತ್ತಿ ಕೂತು, ದಾರಿಯುದ್ದಕ್ಕೂ ಹೇಗೆ ಓಡಿಸಬೇಕು ಅಂತ ಪಾಠ ಹೇಳಿದ. ಆಗಲೂ ಕಾಲು ಮಿಸುಕಲಿಲ್ಲ. ಮಾಸ್ತರು ಇಳಿದು, "ನೋಡಿದ್ರಲ್ಲ? ಎಳ್ಳಷ್ಟಾದ್ರೂ ತಪ್ಪು ಸಿಕ್ತಾ?" ಅಂತ ಮೀಸೆ ಮೇಲೆ ಕೈಯಾಡಿಸಿದರು. ಮೆಕ್ಯಾನಿಕ್ ತಲೆ ಕೆರೆದುಕೊಂಡ.

ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ದಿನಾ ನಿಮ್ಮ ಜೊತೆ ಗಾಡೀಲಿ ಯಾರು ಬರ್ತಾರೆ?"

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಮನೆಗೇ ಬಂದ. ಸಿಸ್ಟರಮ್ಮ ಎಂದಿನ ಹಾಗೆ ಮುಂದಿನ ಸೀಟಿನಲ್ಲಿ, ಡಬ್ಬಿ ಚೀಲ ತೊಡೆ ಮೇಲೆ. ಅವನು ಹಿಂದೆ ಕೂತು, ಎರಡು ಸೀಟಿನ ನಡುವೆ ಕೈ ಇಳಿಬಿಟ್ಟು, ಮೊಬೈಲಿನ ಬೆಳಕು ಹಾಕಿ ಕೆಳಗೆ ಹಿಡಿದ. "ನಾನು ಇಲ್ಲ ಅಂದ್ಕೊಳ್ಳಿ. ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ," ಅಂದ.

ಎರಡು ತಿರುವು ಮುಗಿಯುವವರೆಗೂ ಮೂವರೂ ಬಿಗುವಾಗಿದ್ದರು. ಆಮೇಲೆ ಸಿಸ್ಟರಮ್ಮನಿಗೆ ತಡೆಯಲಾಗಲಿಲ್ಲ. "ರೀ, ನಿನ್ನೆ ಏನಾಯ್ತು ಗೊತ್ತಾ? ಒಬ್ರಿಗೆ ಬಲಗೈ ಮುರಿದಿತ್ತು. ಅವರು ಎಡಗೈಗೆ ಬ್ಯಾಂಡೇಜ್ ಹಾಕಿ ಅಂತ ಹಟ. ಯಾಕಪ್ಪಾ ಅಂದ್ರೆ, ಬಲಗೈಗೆ ಹಾಕಿದ್ರೆ ಬಲಗೈಲಿ ಊಟ ಮಾಡೋಕಾಗಲ್ವಂತೆ!"

ಮಾಸ್ತರು ಮೊದಲು ಮೂಗಿನಲ್ಲಿ ನಕ್ಕರು. ಆಮೇಲೆ ಬಾಯಲ್ಲಿ. ಆಮೇಲೆ ಭುಜ ಕುಲುಕಿಸಿ. ಅವರ ಎಡಗಾಲು ಮೆಲ್ಲಗೆ ಎದ್ದು ಕ್ಲಚ್ ಮೇಲೆ ಕೂತಿತು. ಹಿಮ್ಮಡಿ ಒಂದು ಸಲ, ಬೆರಳು ಒಂದು ಸಲ, ಹಿಮ್ಮಡಿ, ಬೆರಳು. ಅಂಗಡಿಯಲ್ಲಿ ಉದ್ದನೆ ಹೊಲಿಗೆ ಹಾಕುವಾಗಿನ ಅದೇ ತಾಳ. ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಊಂ ಊಂ ಅಂದಿತು. ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್ ವೃತ್ತಿಧರ್ಮ ಮರೆತು ತಾನೂ ನಗುತ್ತಿದ್ದ. ಮೊಬೈಲು ಅಲುಗಾಡಿತು, ಆದರೂ ವಿಡಿಯೋ ನಿಲ್ಲಿಸಲಿಲ್ಲ.

ಆಸ್ಪತ್ರೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ವಿಡಿಯೋ ತೋರಿಸಿದ. ಮಾಸ್ತರು ನೋಡಿದರು. ಇನ್ನೊಮ್ಮೆ ಹಾಕಿಸಿ ನೋಡಿದರು. "ಯಾರ ಕಾಲು ಇದು?" ಅಂದರು.

"ನಿಮ್ದೇ, ಮಾಸ್ತರೇ."

"ಸಾಧ್ಯವೇ ಇಲ್ಲ. ನಾನು ಯಾವಾಗ ಹೀಗೆ..." ಅನ್ನುತ್ತಿದ್ದವರು ತಟ್ಟನೆ ಮೊಬೈಲಿಗೆ ಬಗ್ಗಿದರು. ಪ್ಯಾಂಟಿನ ಅಂಚು ಕಂಡಿತ್ತು. ಒಳಮಡಿಕೆಯ ಆ ಹೊಲಿಗೆ ಊರಿನಲ್ಲಿ ಬೇರೆ ಯಾರೂ ಹಾಕುವುದಿಲ್ಲ. ತಮ್ಮ ಕೈಕೆಲಸ ತಮಗೇ ಸಾಕ್ಷಿ ಹೇಳಿತು. ಮಾಸ್ತರು ಇಂಗು ತಿಂದ ಮಂಗನ ಹಾಗೆ ಕೂತರು. ಸಿಸ್ಟರಮ್ಮ ನಗು ತಡೆಯಲಾರದೆ ಡಬ್ಬಿ ಚೀಲದಲ್ಲಿ ಮುಖ ಮುಚ್ಚಿಕೊಂಡರು.

ಮೆಕ್ಯಾನಿಕ್ ಇಳಿಯುವಾಗ ಮೆತ್ತಗೆ ಹೇಳಿದ: "ನನ್ನ ಜೊತೆ ಇದ್ದಾಗ ಕಾಲು ಸುಮ್ಮನಿತ್ತು. ಮನೆಯವರು ಮಾತಾಡಿ, ನಿಮಗೆ ಖುಷಿ ಆದಾಗ ಮಾತ್ರ ಹೀಗೆ. ಗೇರ್‌ಬಾಕ್ಸ್ ಹಾಳಾದ್ರೆ ನಾನೂ ಏನೂ ಮಾಡೋಕಾಗಲ್ಲ. ನೋಡ್ಕೊಳ್ಳಿ." ಅವನು ಹೇಳಿದ್ದು ಸರಿಯೇ. ಆದರೆ ಆ ಮಾತು ಸಿಸ್ಟರಮ್ಮನ ಮನಸ್ಸಿನಲ್ಲಿ ಬೇರೆಯೇ ತರಹ ಕೂತುಬಿಟ್ಟಿತು.

ಮಾಸ್ತರಿಗೆ ಆ ಹೊತ್ತಿನಲ್ಲಿ ಅದರ ಕಡೆ ಗಮನ ಎಲ್ಲಿ? ಅವರು ಸೀದಾ ಅಂಗಡಿಗೆ ಹೋಗಿ, ದಪ್ಪ ಕ್ಯಾನ್ವಾಸಿನಲ್ಲಿ ಒಂದು ಪಟ್ಟಿ ಹೊಲಿದು, ಎರಡು ಬಕಲ್ಲು ಹಾಕಿ, ಎಡಗಾಲನ್ನು ಸೀಟಿನ ಕಾಲಿಗೆ ಬಿಗಿದುಕೊಳ್ಳುವ ಏರ್ಪಾಡು ಮಾಡಿಕೊಂಡರು. ಹೊಲಿಗೆ ಬಹಳ ಗಟ್ಟಿಯಾಗಿತ್ತು. ಆ ಸಂಜೆ ಪರೀಕ್ಷೆ ಮಾಡಲು ಒಬ್ಬರೇ ಹೊರಟು, ಗೇರು ಬಿದ್ದ ಮೇಲೆ ಬಕಲ್ಲು ಬಿಗಿದುಕೊಂಡರೆ, ಮೊದಲ ಸಿಗ್ನಲ್ಲಿನಲ್ಲೇ ಕ್ಲಚ್ ಒತ್ತಬೇಕಾದಾಗ ಕಾಲು ಬರಲಿಲ್ಲ. ಗಾಡಿ ಕೆಮ್ಮಿ ನಿಂತಿತು. ಹಿಂದೆ ಹಾರನ್ನುಗಳ ಕಚೇರಿ ಶುರುವಾಯಿತು. ಪೊಲೀಸಿನವನು ಬಂದು ಗಾಜು ತಟ್ಟಿ, ಒಳಗೆ ಬಗ್ಗಿ ನೋಡಿ, "ಯಾರ್ರೀ ನಿಮ್ಮನ್ನ ಕಟ್ಟಿಹಾಕಿದ್ದು?" ಅಂತ ಗಾಬರಿಯಿಂದ ಕೇಳಿದ.

"ನಾನೇ," ಅಂದರು ಮಾಸ್ತರು.

ಪೊಲೀಸಿನವನು ಬಕಲ್ಲು ಬಿಚ್ಚಿಕೊಟ್ಟು, ಹೊಲಿಗೆ ನೋಡಿ, ತನ್ನ ಬೆಲ್ಟಿಗೂ ಇಂಥದ್ದೊಂದು ಹೊಲಿದುಕೊಡುತ್ತೀರಾ ಅಂತ ಕೇಳಿ ಕಳಿಸಿದ.

ಮರುದಿನ ಬೆಳಿಗ್ಗೆ ಸಿಸ್ಟರಮ್ಮ ಮುಂದಿನ ಬಾಗಿಲು ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಮಾಸ್ತರು ಕನ್ನಡಿಯಲ್ಲಿ ನೋಡಿದರೆ ಜಾಹೀರಾತು ಮಾತ್ರ ಕಂಡಿತು. "ವಾರ್ಡಲ್ಲಿ ಏನು ವಿಶೇಷ?" ಅಂದರು. "ಏನಿಲ್ಲ." "ಆ ಬ್ಯಾಂಡೇಜಿನವರು ಹೇಗಿದಾರೆ?" "ಚೆನ್ನಾಗಿದಾರೆ." ಇಪ್ಪತ್ತೈದು ನಿಮಿಷ ಮುಗಿಯಿತು. ಕಾಲು ಮಿಸುಕಲಿಲ್ಲ. ಗೇರು ಹೂವಿನ ಹಾಗೆ ಬಿತ್ತು.

ಎರಡನೇ ದಿನವೂ ಅದೇ, ಮೂರನೇ ದಿನವೂ ಅದೇ. ಮಾಸ್ತರಿಗೆ ತಲೆಬುಡ ತಿಳಿಯಲಿಲ್ಲ. ಇವಳಿಗೆ ಕೋಪ ಬಂದಿದೆ, ಮೆಕ್ಯಾನಿಕ್ ಮುಂದೆ ಮಾನ ಹೋಯಿತು ಅಂತ ಬೇಜಾರಾಗಿದೆ, ಬಸ್ಸಿನಲ್ಲೇ ಆರಾಮಿತ್ತು ಅನ್ನಿಸಿದೆ, ಹೀಗೆ ಏನೇನೋ ಕಲ್ಪಿಸಿಕೊಂಡು ಸಂಕಟಪಟ್ಟರು. ಬಾಯಿ ಬಿಟ್ಟು ಕೇಳಲು ಧೈರ್ಯ ಸಾಲದು. ಕೆಲಸ ರಾಶಿ ಬಿದ್ದಿತ್ತು, ಶಾಲೆ ಶುರುವಾಗುವ ಸಮಯ. ಮನಸ್ಸು ಕೆಟ್ಟಿದ್ದರೂ ಮೆಷಿನ್ನಿಗೆ ಕೂತರು. ಮೂವತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದರು. ಫಲ ಏನಾಯಿತು? ಒಂದು ಯೂನಿಫಾರ್ಮಿಗೆ ಎರಡೂ ಕಡೆ ಎಡತೋಳೇ ಕೂತಿತು. ಇನ್ನೊಂದಕ್ಕೆ ಜೇಬು ಬೆನ್ನಿಗೆ ಬಂತು. ಆ ಮಗುವಿನ ತಾಯಿ ಷರ್ಟು ಹಿಡಿದು ಬಾಗಿಲಲ್ಲಿ ನಿಂತು, "ಮಾಸ್ತರೇ, ಇದಕ್ಕೆ ಹಿಂದೆ ಯಾರು ಕೈ ಹಾಕಬೇಕು?" ಅಂದರು. ಮಾಸ್ತರು ಷರ್ಟು ಇಸಿದುಕೊಂಡು, ಪರದೆ ಎಳೆದು, ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರಿಗೆ ಅಳು ಬಂದಿತ್ತು. ಹೌದು, ಅಳು. ಜೇಬಿನ ಕಾರಣಕ್ಕಲ್ಲ.

ನಾಲ್ಕನೇ ದಿನ, ದೊಡ್ಡ ರಸ್ತೆಗೆ ಸೇರುವ ಮುಂಚೆ, ಒಂದು ಪೆಟ್ಟಿಗೆ ಅಂಗಡಿಯ ಎದುರು ಮಾಸ್ತರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು. ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದರು. ಪೇಪರ್ ಕೆಳಗಿಳಿಯಿತು.

"ಮುಂದೆ ಬಾ," ಅಂದರು.

"ಬೇಡ ರೀ. ಇಲ್ಲೇ ಚೆನ್ನಾಗಿದೆ."

"ನನ್ನ ಮೇಲೆ ಕೋಪಾನಾ?"

"ನಿಮ್ಮ ಮೇಲೆ ಯಾಕೆ ಕೋಪ?" ಸಿಸ್ಟರಮ್ಮ ಪೇಪರನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು. "ಮೆಕ್ಯಾನಿಕ್ ಹೇಳಿದ್ದು ಕೇಳಿಸ್ಕೊಂಡ್ರಲ್ಲ. ನಾನು ಬಾಯಿ ಬಿಟ್ರೆ ಗಾಡಿ ಹಾಳಾಗುತ್ತೆ. ಆಸೆಪಟ್ಟು ತಗೊಂಡ ಗಾಡಿ. ಆ ಲಂಗ ಬೇರೆ ಹೊಲಿದಿದೀರಿ. ಅದಕ್ಕೇ ಸುಮ್ನಿದೀನಿ. ನನಗೇನು ಸುಲಭಾನಾ? ನಿನ್ನೆ ವಾರ್ಡಲ್ಲಿ ಏನಾಯ್ತು ಗೊತ್ತಾ? ಹೊಟ್ಟೇಲೇ ಇಟ್ಕೊಂಡಿದೀನಿ, ಉಸಿರು ಕಟ್ತಿದೆ!"

ಮಾಸ್ತರು ಬಾಗಿಲು ಹಿಡಿದುಕೊಂಡೇ ನಿಂತರು. ಪೆಟ್ಟಿಗೆ ಅಂಗಡಿಯವನು ಮೈಯೆಲ್ಲ ಕಿವಿಯಾಗಿದ್ದ. ಇರಲಿ ಬಿಡಿ, ಅವನೂ ಕೇಳಲಿ.

"ಇವಳೇ, ಕೇಳು," ಅಂದರು. "ನಾನು ಗಾಡಿ ತಗೊಂಡಿದ್ದು ಆಸ್ಪತ್ರೆಗೆ ಬಿಡೋಕಲ್ಲ. ಆಸ್ಪತ್ರೆಗೆ ಬಸ್ ಇದೆ. ನಿನ್ನ ಮಾತು ಕೇಳೋಕೆ ತಗೊಂಡಿದ್ದು. ಇಪ್ಪತ್ತೆಂಟು ವರ್ಷ ಚೀಟಿ ಓದಿದೀನಿ, ಸಾಕಾಗಿದೆ. ಪ್ಲೇಟ್ ಸುಟ್ರೆ ಸುಡಲಿ, ಗೇರ್‌ಬಾಕ್ಸ್ ಉದುರಿ ರಸ್ತೇಲಿ ಬೀಳಲಿ. ಗಾಡಿ ಇಲ್ದಿದ್ರೆ ನಡ್ಕೊಂಡು ಹೋಗೋಣ. ನೀನು ಮುಂದೆ ಬಂದು ಕೂತ್ಕೋ."

ಸಿಸ್ಟರಮ್ಮ ಪೇಪರ್ ಮಡಿಸಿಟ್ಟರು. ಕಣ್ಣೊರೆಸಿಕೊಂಡು, ಡಬ್ಬಿ ಚೀಲ ತಗೊಂಡು, ಮುಂದೆ ಬಂದು ಕೂತರು. ಗಾಡಿ ಹೊರಟಿತು. ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮೂರು ದಿನದ ಸುದ್ದಿ ಕಟ್ಟೆಯೊಡೆದು ಹೊರಬಂತು. ಮಾಸ್ತರು ನಗಲು ಶುರುಮಾಡಿದರು. ಎಡಗಾಲು ಎದ್ದಿತು. ಹಿಮ್ಮಡಿ, ಬೆರಳು, ಹಿಮ್ಮಡಿ.

ಸಿಸ್ಟರಮ್ಮ ಮಾತು ನಿಲ್ಲಿಸಲಿಲ್ಲ. ಸೂಜಿ ಚುಚ್ಚುವಾಗ ಕಾಲು ಝಾಡಿಸುವ ಮಕ್ಕಳನ್ನು ದಿನಕ್ಕೆ ಇಪ್ಪತ್ತು ಸಲ ಹಿಡಿಯುವ ಕೈ ಅದು. ಕಥೆ ಹೇಳುತ್ತಲೇ ಬಲಗೈ ಚಾಚಿ ಗಂಡನ ಎಡ ಮೊಣಕಾಲಿನ ಮೇಲಿಟ್ಟು ಮೆಲ್ಲಗೆ ಒತ್ತಿದರು. ಕಾಲು ತಣ್ಣಗೆ ನೆಲಕ್ಕಿಳಿಯಿತು. ಮಾಸ್ತರು ಬೆಚ್ಚಿಬಿದ್ದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಪಕ್ಕದ ಬಸ್ಸಿನ ಕಿಟಕಿಯಿಂದ ಆರು ಜನ ನೋಡುತ್ತಿದ್ದರು.

"ಏನೇ ಇದು, ನಡುಬೀದೀಲಿ," ಅಂದರು. ಕಿವಿ ಕೆಂಪಗಾಗಿತ್ತು. "ಈ ವಯಸ್ಸಲ್ಲಿ!"

"ಟ್ರೀಟ್ಮೆಂಟು," ಅಂದರು ಸಿಸ್ಟರಮ್ಮ. "ರಸ್ತೆ ನೋಡಿ."

ಅಂದಿನಿಂದ ಅದೇ ಪದ್ಧತಿಯಾಯಿತು. ಗೇರು ಬದಲಿಸಬೇಕಾದಾಗ ಮಾಸ್ತರು "ಗೇರ್!" ಅಂತ ಕೂಗುತ್ತಾರೆ, ಸಿಸ್ಟರಮ್ಮ ಕೈ ಎತ್ತುತ್ತಾರೆ. ಗೇರು ಬಿದ್ದ ಮೇಲೆ ಕೈ ಮತ್ತೆ ಇಳಿಯುತ್ತದೆ. ವರ್ಷ ತಿರುಗಿ ಸರ್ವಿಸಿಗೆ ಹೋದಾಗ ಹಿರಿಯ ಮೆಕ್ಯಾನಿಕ್ ಕ್ಲಚ್ ನೋಡಿ, ಸ್ಕ್ರೂಡ್ರೈವರಿಗೆ ಕಿವಿಗೊಟ್ಟು, ಹೊಸದರ ಹಾಗೇ ಇದೆಯಲ್ಲ, ಏನು ಮಾಡಿದಿರಿ ಅಂತ ಕೇಳಿದ. ಭಾವಮೈದ ಎದೆ ಉಬ್ಬಿಸಿ, ತಾನು ಬೋರ್ಡ್ ಹಿಡಿಯುತ್ತೇನೆ ಅಂದದ್ದಕ್ಕೆ ಕಂಪನಿ ಹೆದರಿ ಒಳ್ಳೆ ಪ್ಲೇಟು ಹಾಕಿದೆ ಅಂತ ಸಾರಿದ. ಮಾಸ್ತರು ಅವನ ಮಾತಿಗೆ ತಲೆಯಾಡಿಸಿದರು.

ನಿಜ ಹೇಳಬೇಕೆಂದರೆ, ಎರಡು ತಿಂಗಳು ಕಳೆಯುವಷ್ಟರಲ್ಲಿ ಮಾಸ್ತರ ಎಡಗಾಲು ಬುದ್ಧಿ ಕಲಿತಿತ್ತು. ಎಷ್ಟು ನಕ್ಕರೂ ನೆಲ ಬಿಟ್ಟು ಏಳುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ, ದೊಡ್ಡ ರಸ್ತೆ ಸೇರಿದ ಮೇಲೆ, ಮಾಸ್ತರು ಅದನ್ನು ತಾವಾಗಿಯೇ ಎರಡು ಸಲ ಕುಣಿಸುತ್ತಾರೆ, ಕ್ಲಚ್ಚಿಗೆ ತಾಗದ ಹಾಗೆ, ಅರ್ಧ ಇಂಚು ಈಚೆಗೆ. ಸಿಸ್ಟರಮ್ಮ ಅದನ್ನು ಮೊದಲ ದಿನವೇ ನೋಡಿದ್ದರು. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಕೈ ಚಾಚಿ ಮೊಣಕಾಲಿನ ಮೇಲಿಟ್ಟು ವಾರ್ಡಿನ ಕಥೆ ಮುಂದುವರಿಸುತ್ತಾರೆ.